ಮೂಗರ್ಜಿ ಬಂದ ಮೇಲೆ ಕಂಪನಿಯೊಳಗೆ ಏನು ನಡೆಯುತ್ತದೆ?

2019ರ ಅಕ್ಟೋಬರ್ 22, ಮಂಗಳವಾರ. ಇನ್ಫೊಸಿಸ್ ಷೇರು ಒಂದೇ ದಿನದಲ್ಲಿ ಶೇ 16ರಷ್ಟು ಕುಸಿಯಿತು. ಸುಮಾರು 53 ಸಾವಿರ ಕೋಟಿ ರೂಪಾಯಿ ಮಾರುಕಟ್ಟೆ ಮೌಲ್ಯ ಸಂಜೆಯೊಳಗೆ ಕರಗಿತ್ತು. ದೊಡ್ಡ ಗ್ರಾಹಕರು ಯಾರೂ ಕೈಬಿಟ್ಟಿರಲಿಲ್ಲ. ತಿಂಗಳ ಹಿಂದೆ ನಿರ್ದೇಶಕ ಮಂಡಳಿಗೆ ಬರೆದಿದ್ದ ಒಂದು ಮೂಗರ್ಜಿ ಪತ್ರಿಕೆಗಳ ಕೈಗೆ ಸಿಕ್ಕಿತ್ತು, ಅಷ್ಟೆ. ಸಹಿಯ ಜಾಗದಲ್ಲಿ ಹೆಸರಿರಲಿಲ್ಲ, ‘ನೀತಿನಿಷ್ಠ ನೌಕರರು’ ಎಂಬರ್ಥದ ಎರಡು ಪದ ಇದ್ದವು. ಸಿಇಒ ಮತ್ತು ಹಣಕಾಸು ಮುಖ್ಯಸ್ಥ (ಸಿಎಫ್‌ಒ) ಲಾಭವನ್ನು ಹಿಗ್ಗಿಸಿ ತೋರಿಸುತ್ತಿದ್ದಾರೆ ಎಂಬುದು ಆರೋಪ. ತನಿಖೆ ಮುಗಿಸಿದ, ಮಂಡಳಿಯ ಪರವಾಗಿ ಲೆಕ್ಕಪತ್ರದ ಮೇಲೆ ಕಣ್ಣಿಡುವ ಆಡಿಟ್ ಸಮಿತಿ 2020ರ ಜನವರಿ 10ರಂದು, ಆರೋಪಕ್ಕೆ ಪುರಾವೆ ಸಿಕ್ಕಿಲ್ಲ ಎಂದು ಪ್ರಕಟಿಸಿತು. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಕೂಡ ಅದೇ ಮಾರ್ಚ್‌ನಲ್ಲಿ ತನ್ನ ವಿಚಾರಣೆ ಮುಗಿಸಿತು.

ಷೇರುಪೇಟೆಯ ಕಡೆ ತಲೆ ಹಾಕದವರಿಗೂ ಇದರ ಬಿಸಿ ತಟ್ಟುತ್ತದೆ. ತಿಂಗಳಿಗೆ ಎರಡು ಸಾವಿರ ಮ್ಯೂಚುವಲ್ ಫಂಡ್ ಎಸ್‌ಐಪಿ ಕಟ್ಟುವವರ ದುಡ್ಡು ಇಂಥ ಕಂಪನಿಗಳಲ್ಲೇ ಕೂತಿರುತ್ತದೆ. 2015ರಿಂದ ಪಿಎಫ್ ಹಣದ ಒಂದು ಪಾಲು ಕೂಡ ನಿಫ್ಟಿ, ಸೆನ್ಸೆಕ್ಸ್ ಸೂಚ್ಯಂಕ ಆಧಾರಿತ ಷೇರು ನಿಧಿಗಳಿಗೆ (ಇಟಿಎಫ್) ಹೋಗುತ್ತಿದೆ. ಇನ್ನು ಬೆಂಗಳೂರು, ಮೈಸೂರು, ಮಂಗಳೂರಿನ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಇಂಥ ಕಡೆ ಕೆಲಸಕ್ಕಿರುತ್ತಾರೆ.

ಪತ್ರ ಹೊರಬಿದ್ದ ದಿನ ಕಂಪನಿಯ ಮೇಲಿನವರ ಮುಂದೆ ಎರಡು ಪ್ರಶ್ನೆ ಬಂದು ನಿಲ್ಲುತ್ತವೆ. ಬರೆದಿರುವುದು ನಿಜವೇ? ಬರೆದವರು ಯಾರು? ಮೊದಲು ಯಾವುದನ್ನು ಕೈಗೆತ್ತಿಕೊಂಡರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಕುಂದುಕೊರತೆ, ಅಸಮ್ಮತಿ, ಅಕ್ರಮ, ಸೋರಿಕೆ

ಈ ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ. ಒಂದು ಅಪಾರ್ಟ್‌ಮೆಂಟ್ ಸಂಘವನ್ನು ನೆನೆಯಿರಿ. ‘ಮೂರನೇ ಮಹಡಿಗೆ ನೀರು ಏರುತ್ತಿಲ್ಲ’ ಎಂದರೆ ಕುಂದುಕೊರತೆ. ‘ಗೇಟಿಗೆ ಬಣ್ಣ ಹೊಡೆಸುವ ದುಡ್ಡಲ್ಲಿ ಇಂಗುಗುಂಡಿ ತೋಡಿಸಬಹುದಿತ್ತು’ ಎಂದರೆ ಅಸಮ್ಮತಿ. ‘ಖಜಾಂಚಿ ಬಾರದ ಟ್ಯಾಂಕರಿಗೂ ಬಿಲ್ಲು ಹಾಕಿದ್ದಾರೆ’ ಎಂದರೆ ಅಕ್ರಮದ ದೂರು. ಇವುಗಳಲ್ಲಿ ಯಾವುದನ್ನೇ ಆಗಲಿ ಸಂಘದ ವಾಟ್ಸ್‌ಆ್ಯಪ್ ಗುಂಪಿನಿಂದ ಎತ್ತಿ ಪತ್ರಿಕೆಗೆ ಕೊಟ್ಟರೆ ಅದು ಸೋರಿಕೆ.

ಮೊದಲ ಮೂರು ವಿಷಯದ ಬಗೆಗಳು. ನಾಲ್ಕನೆಯದು ಅವು ಹೊರಗೆ ಬರುವ ದಾರಿ. ದೂರುಗಳಿಗೆ ಬೇರೆ ಬೇರೆ ಕಿಟಕಿಗಳಿವೆ: ಕುಂದುಕೊರತೆಗೆ ಎಚ್‌ಆರ್ ಅಥವಾ ಕುಂದುಕೊರತೆ ಸಮಿತಿ, ಲೈಂಗಿಕ ಕಿರುಕುಳಕ್ಕೆ ಆಂತರಿಕ ಸಮಿತಿ, ಹಣಕಾಸಿನ ಅಕ್ರಮಕ್ಕೆ ಆಡಿಟ್ ಸಮಿತಿ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತಾ ಬಂದಾಗ ಹಾಕಿದ ಷರತ್ತುಗಳಲ್ಲಿ ಮೊದಲ ಎರಡು ಸಮಿತಿಗಳೂ ಇದ್ದವು. ಅಮಾನತು, ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬುದೂ ಇತ್ತು.

ಅಸಮ್ಮತಿಗೆ ಮಾತ್ರ ಕಾನೂನು ಕಟ್ಟಿಸಿಕೊಟ್ಟ ಕಿಟಕಿಯಿಲ್ಲ. ಅದನ್ನು ಕೊನೆಯಲ್ಲಿ ನೋಡೋಣ.

ದೂರಿನ ಪೆಟ್ಟಿಗೆ ಇಡಲೇಬೇಕು

2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯೂ ‘ವಿಜಿಲ್ ಮೆಕ್ಯಾನಿಸಂ’ ಎಂಬ ದೂರು ವ್ಯವಸ್ಥೆ ಇಟ್ಟುಕೊಳ್ಳಬೇಕು. ಸಾರ್ವಜನಿಕರಿಂದ ಠೇವಣಿ ಪಡೆಯುವ ಕಂಪನಿಗಳು, ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ಪಡೆದ ಕಂಪನಿಗಳೂ ಇದಕ್ಕೆ ಸೇರುತ್ತವೆ. ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳಬೇಕು, ವಿಶೇಷ ಸಂದರ್ಭದಲ್ಲಿ ಅವರು ನೇರವಾಗಿ ಆಡಿಟ್ ಸಮಿತಿಯ ಅಧ್ಯಕ್ಷರನ್ನೇ ತಲುಪುವಂತಿರಬೇಕು. ಈ ಕೊನೆಯ ಮಾತಿನಲ್ಲೇ ವ್ಯವಸ್ಥೆಯ ಜೀವ ಇರುವುದು. ಸಿಇಒ ಮೇಲಿನ ದೂರು ಸಿಇಒ ಕೈಕೆಳಗಿನ ಎಚ್‌ಆರ್ ಮೇಜಿಗೇ ಹೋಗುವುದಾದರೆ ಅಂಥ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ.

ದೂರುದಾರರ ರಕ್ಷಣೆಗೆಂದೇ ಸಂಸತ್ತು 2014ರಲ್ಲಿ ಒಂದು ಕಾಯ್ದೆ ಮಾಡಿತು. ಅದು ಸರ್ಕಾರಿ ಹುದ್ದೆಯಲ್ಲಿರುವವರ ವಿರುದ್ಧದ ದೂರುಗಳಿಗೆ ಸಂಬಂಧಿಸಿದ್ದು, ಖಾಸಗಿ ಕಂಪನಿಯ ಒಳಗಿನ ಅಕ್ರಮ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂಗೀಕಾರವಾದ ಕಾಯ್ದೆಯನ್ನು ಜಾರಿಗೆ ತಂದೂ ಇಲ್ಲ ಎಂಬುದು ಬೇರೆ ಮಾತು. ಷೇರು ಒಳವಹಿವಾಟಿನ (ಹೊರಗೆ ಗೊತ್ತಿಲ್ಲದ ಮಾಹಿತಿ ಹಿಡಿದು ಷೇರು ಕೊಳ್ಳುವ, ಮಾರುವ ಅಕ್ರಮದ) ಮಾಹಿತಿ ಕೊಡುವವರಿಗೆ ಮಾತ್ರ ನಮ್ಮ ಷೇರುಪೇಟೆ ನಿಯಂತ್ರಕ ಸೆಬಿ 2019ರ ಡಿಸೆಂಬರ್‌ನಿಂದ ಬಹುಮಾನ ಮತ್ತು ರಕ್ಷಣೆಯ ನಿಯಮ ತಂದಿತು. ಸೆಬಿಗೆ ಮಾಹಿತಿ ಕೊಡಕೂಡದು ಎಂದು ನೌಕರರಿಂದ ಬರೆಸಿಕೊಂಡ ಕರಾರು ಆ ನಿಯಮದ ಪ್ರಕಾರ ಅಸಿಂಧು.

ಮೊದಲ 72 ಗಂಟೆ

ಪತ್ರ ಬಂದ ಕೂಡಲೇ ಅದಕ್ಕೆ ಕ್ರಮಸಂಖ್ಯೆ ಬೀಳಬೇಕು. ಬಂದ ದಿನ, ಸಮಯ, ಯಾರ ಕೈಗೆ ಬಂತು, ಲಕೋಟೆಯಲ್ಲೋ ಇಮೇಲ್‌ನಲ್ಲೋ ಎಂಬುದೆಲ್ಲ ದಾಖಲಾಗಬೇಕು. ‘ನಿಮಗೆ ಯಾವತ್ತು ಗೊತ್ತಾಯಿತು?’ ಎಂಬುದು ಮುಂದೆ ನಿಯಂತ್ರಕರು ಕೇಳುವ ಮೊದಲ ಪ್ರಶ್ನೆ. ಇನ್ಫೊಸಿಸ್ ಪ್ರಕರಣದಲ್ಲಿ ಅಧ್ಯಕ್ಷರಾಗಿದ್ದ ನಂದನ್ ನಿಲೇಕಣಿ ಹೇಳಿಕೆಯಲ್ಲಿ ಈ ದಿನಾಂಕಗಳನ್ನೇ ಸಾಲಾಗಿ ಕೊಟ್ಟರು: ಸೆಪ್ಟೆಂಬರ್ 30ರಂದು ಒಬ್ಬ ನಿರ್ದೇಶಕರ ಕೈಗೆ ಎರಡು ಅನಾಮಧೇಯ ದೂರುಗಳು, ಅಕ್ಟೋಬರ್ 10ಕ್ಕೆ ಆಡಿಟ್ ಸಮಿತಿಯ ಮುಂದೆ, 11ಕ್ಕೆ ಮಂಡಳಿಯ ಕಾರ್ಯನಿರ್ವಾಹಕೇತರ (ದಿನನಿತ್ಯದ ಆಡಳಿತದಲ್ಲಿಲ್ಲದ) ಸದಸ್ಯರ ಮುಂದೆ.

ಎರಡನೆಯ ಕೆಲಸ, ಹೆಸರು ಬಂದವರನ್ನು ಆ ವಿಷಯದಿಂದ ಹೊರಗಿಡುವುದು. ತಪ್ಪಿತಸ್ಥರೆಂದಲ್ಲ, ಪಂಚಾಯಿತಿಯ ಕಟ್ಟೆಯಲ್ಲಿ ಪ್ರತಿವಾದಿ ಕೂರುವಂತಿಲ್ಲ ಎಂಬ ಹಳೆಯ ನ್ಯಾಯವೇ ಇದು. ಇನ್ಫೊಸಿಸ್‌ನ ಸಿಇಒ, ಸಿಎಫ್‌ಒ ಇಬ್ಬರನ್ನೂ ಹಾಗೆ ದೂರವಿಟ್ಟಿದ್ದರು.

ಮೂರನೆಯದು ಸಾಕ್ಷ್ಯ ಕಾಯುವುದು. ಹೆಚ್ಚು ಕಡೆ ಎಡವುವುದು ಇಲ್ಲೇ. ಇದಕ್ಕೆ ‘ಲೀಗಲ್ ಹೋಲ್ಡ್’ ಎನ್ನುತ್ತಾರೆ: ಸಂಬಂಧಪಟ್ಟವರ ಮೇಲ್‌ಗಳನ್ನು ಇಂತಿಷ್ಟು ದಿನಕ್ಕೆ ತಾನಾಗಿ ಅಳಿಸಿಹಾಕುವ ಏರ್ಪಾಡನ್ನು ಮೊದಲು ನಿಲ್ಲಿಸಬೇಕು. ನಂತರ ಲ್ಯಾಪ್‌ಟಾಪ್‌ನ ಡಿಸ್ಕನ್ನು ಪೂರ್ತಿಯಾಗಿ, ಅಳಿಸಿದ ಕಡತಗಳ ಕುರುಹೂ ಸೇರಿ, ನಕಲು ತೆಗೆಯಬೇಕು. ನಕಲಿಗೂ ಮೂಲಕ್ಕೂ ‘ಹ್ಯಾಶ್’ ಎಂಬ ಉದ್ದನೆಯ ಅಂಕಿ ಲೆಕ್ಕ ಹಾಕಿ ಬರೆದಿಡುತ್ತಾರೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಅಂಕಿ ಬೇರೆಯಾಗುತ್ತದೆ. ಅದು ಪಾರ್ಸೆಲ್ಲಿಗೆ ಒತ್ತಿದ ಅರಗಿನ ಮುದ್ರೆಯ ಹಾಗೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗವಿದೆ.

ತಪ್ಪುವುದು ಹೇಗೆ? ‘ಈ ವಿಷಯದ ಮೇಲ್‌ಗಳನ್ನು ನೀವೇ ಹುಡುಕಿ ಕಳಿಸಿ’ ಎಂದು ಆರೋಪಿತರಿಗೇ ಬರೆಯುತ್ತಾರೆ. ಐಟಿ ವಿಭಾಗದ ಹುಡುಗನೊಬ್ಬ ಕುತೂಹಲಕ್ಕೆ ಕಡತ ತೆರೆದು ನೋಡುತ್ತಾನೆ, ಕೊನೆಯ ಬಾರಿ ತೆರೆದ ಸಮಯ ಅಲ್ಲಿಗೆ ಬದಲಾಯಿತು. ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪ್ ವಾರದೊಳಗೆ ಒರೆಸಿ ಹೊಸಬರ ಕೈಸೇರಿರುತ್ತದೆ. ಎಲ್ಲಕ್ಕಿಂತ ದೊಡ್ಡ ತೂತು ಸ್ವಂತ ಫೋನಿನ ವಾಟ್ಸ್‌ಆ್ಯಪ್. ಒಪ್ಪಿಗೆ ಇಲ್ಲದೆ ಕಂಪನಿ ಅದನ್ನು ಮುಟ್ಟುವಂತಿಲ್ಲ, ಮುಖ್ಯ ಮಾತುಕತೆ ಮಾತ್ರ ಅಲ್ಲೇ ನಡೆದಿರುತ್ತದೆ.

ತನಿಖೆ ಯಾರದು, ಹೇಗೆ

ಮೇಲಿನವರ ಮೇಲೆ ಆರೋಪ ಬಂದಾಗ ಹೊರಗಿನ ವಕೀಲರ ಸಂಸ್ಥೆಯನ್ನು ಕರೆಸುತ್ತಾರೆ. ಅದರ ಜೊತೆಗೆ ಲೆಕ್ಕ ಬಗೆಯುವ ಫೊರೆನ್ಸಿಕ್ ತಂಡ ಇರುತ್ತದೆ. ನಿಷ್ಪಕ್ಷಪಾತ ಒಂದು ಕಾರಣ. ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತಿಗೆ ಕಾನೂನು ಕೊಡುವ ಗೋಪ್ಯತೆ ಇನ್ನೊಂದು. ಭಾರತದಲ್ಲಿ ಕಂಪನಿಯ ಸಂಬಳದಲ್ಲಿರುವ ವಕೀಲರಿಗೆ ಹೊರಗಿನ ವಕೀಲರಷ್ಟು ಆ ರಕ್ಷಣೆ ಸಿಗುವುದಿಲ್ಲ.

ವಿಚಾರಣೆ ಹೊರವೃತ್ತದಿಂದ ಒಳಕ್ಕೆ ಬರುತ್ತದೆ. ಬಿಲ್ಲು ಟೈಪು ಮಾಡಿದವರು, ಮಂಜೂರು ಮಾಡಿದವರು, ಅವರ ಮೇಲಿನವರು, ಕಟ್ಟಕಡೆಗೆ ಆರೋಪ ಹೊತ್ತವರು. ಅವರನ್ನು ಮೊದಲೇ ಕೂರಿಸಿದರೆ ತನಿಖೆಯ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು ಪ್ರಶ್ನೆಗಳಿಂದಲೇ ಗೊತ್ತಾಗಿಬಿಡುತ್ತದೆ. ಕೋಣೆಯಲ್ಲಿ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಶುರುವಿನಲ್ಲೇ ಒಂದು ಎಚ್ಚರಿಕೆ ಹೇಳುವ ರೂಢಿ ಇದೆ: ‘ನಾನು ಕಂಪನಿಯ ವಕೀಲ, ನಿಮ್ಮ ವಕೀಲನಲ್ಲ. ನೀವು ಹೇಳಿದ್ದನ್ನು ಕಂಪನಿ ಬೇಕೆಂದರೆ ಹೊರಗೆ ಕೊಡಬಹುದು.’ 1981ರ ಅಪ್‌ಜಾನ್ ಎಂಬ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣದಿಂದ ಈ ಮಾತಿಗೆ ಹೆಸರು ಬಂದಿದೆ. ಕೋಟು ಹಾಕಿಕೊಂಡ ವಕೀಲರು ನಯವಾಗಿ ಮಾತಾಡಿಸಿದರೆಂದು ತಮ್ಮ ಪರವಾಗಿದ್ದಾರೆ ಅಂದುಕೊಳ್ಳುವ ನೌಕರರು ಬೇಕಾದಷ್ಟು.

ಕೆಲಸದ ಗಾತ್ರ ಗೊತ್ತಾಗಲು ಇನ್ಫೊಸಿಸ್ ಕೊಟ್ಟ ಲೆಕ್ಕ ನೋಡಿ: 77 ಜನರೊಂದಿಗೆ 128 ಬಾರಿ ವಿಚಾರಣೆ, 2 ಲಕ್ಷ 10 ಸಾವಿರಕ್ಕೂ ಹೆಚ್ಚು ದಾಖಲೆಗಳ ಪರಿಶೀಲನೆ, 8 ಟೆರಾಬೈಟ್‌ಗೂ ಮೀರಿದ ದತ್ತಾಂಶ. ದೂರಿನಲ್ಲಿ ಮೇಲ್ ಮತ್ತು ಧ್ವನಿಮುದ್ರಣ ಇವೆ ಎಂದು ಬರೆದಿತ್ತು, ಅವು ನಮಗೆ ಸಿಕ್ಕಿಲ್ಲ ಎಂದು ನಿಲೇಕಣಿ ಆಗಲೇ ಹೇಳಿದ್ದರು. ಅನಾಮಧೇಯ ದೂರಿನ ದೊಡ್ಡ ಕೊರತೆ ಇದೇ, ‘ಇದರರ್ಥವೇನು?’ ಎಂದು ಮತ್ತೆ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕಾಗಿಯೇ ಈಗ ದೊಡ್ಡ ಕಂಪನಿಗಳು ಹೊರಗಿನವರು ನಡೆಸುವ ಹಾಟ್‌ಲೈನ್ ಇಟ್ಟುಕೊಳ್ಳುತ್ತವೆ. ದೂರು ಕೊಟ್ಟವರಿಗೆ ಒಂದು ಸಂಖ್ಯೆ ಮತ್ತು ಪಾಸ್‌ವರ್ಡ್ ಸಿಗುತ್ತದೆ. ಹೆಸರು ಹೇಳದೆಯೇ ಪ್ರಶ್ನೆಗೆ ಉತ್ತರ ಬರೆಯಬಹುದು.

ಹೊರಗೆ ಏನು ಹೇಳುತ್ತಾರೆ

ಸುದ್ದಿ ಬಂದ ಗಂಟೆಯೊಳಗೆ ಹೋಗುವ ಹೇಳಿಕೆ ಮೂರು-ನಾಲ್ಕು ಸಾಲಿನದು: ದೂರು ಬಂದಿದೆ, ಇಂಥವರ ಮುಂದಿದೆ, ಮುಗಿದ ಮೇಲೆ ತಿಳಿಸುತ್ತೇವೆ. ಅನುಭವಿಗಳು ಇದರಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಸೇರಿಸಗೊಡುವುದಿಲ್ಲ: ‘ಆರೋಪಗಳು ಸಂಪೂರ್ಣ ಆಧಾರರಹಿತ.’ ತನಿಖೆಗೆ ಮೊದಲೇ ತೀರ್ಪು ಕೊಟ್ಟ ಹಾಗಾಗುತ್ತದೆ. ನಾಳೆ ಒಂದಂಶ ನಿಜವೆಂದು ತಿಳಿದರೂ ಆ ಸಾಲೇ ಎರಡನೆಯ ಹಗರಣ.

ನೋಂದಾಯಿತ ಕಂಪನಿಗೆ ಇದರ ಮೇಲೆ ಸೆಬಿಯ ಗಡಿಯಾರವೂ ಓಡುತ್ತಿರುತ್ತದೆ. ಷೇರುದಾರರಿಗೆ ಮಹತ್ವದ ಸಂಗತಿಯಾದರೆ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. 2023ರ ತಿದ್ದುಪಡಿಯ ನಂತರ ಮಂಡಳಿ ಸಭೆಯ ತೀರ್ಮಾನಕ್ಕೆ 30 ನಿಮಿಷ, ಕಂಪನಿಯೊಳಗೆ ಹುಟ್ಟಿದ ಸಂಗತಿಗೆ 12 ಗಂಟೆ, ಹೊರಗಿನಿಂದ ಬಂದದ್ದಕ್ಕೆ 24 ಗಂಟೆ ಎಂಬುದು ಸ್ಥೂಲ ಗಡುವು. ಫೊರೆನ್ಸಿಕ್ ಆಡಿಟ್ ಶುರುಮಾಡಿದರೆ ಅದನ್ನೂ ಹೇಳಬೇಕು. ದೊಡ್ಡ 250 ಕಂಪನಿಗಳು, ಷೇರು ಬೆಲೆ ಗಣನೀಯವಾಗಿ ಅಲುಗಿದಾಗ, ಮಾಧ್ಯಮದ ವದಂತಿಗೆ 24 ಗಂಟೆಯೊಳಗೆ ಹೌದು, ಅಲ್ಲ ಅಥವಾ ವಿವರಣೆ ಕೊಡಬೇಕು. 2024ರಲ್ಲಿ ಇದು ಜೂನ್‌ನಿಂದ ಮೊದಲ 100 ಕಂಪನಿಗಳಿಗೆ, ಡಿಸೆಂಬರ್‌ನಿಂದ 250ಕ್ಕೆ ಅನ್ವಯವಾಯಿತು.

ಪ್ರತಿ ದೂರನ್ನೂ ಬಹಿರಂಗಪಡಿಸಬೇಕೇ? ಬೇಡ. ವರ್ಷಕ್ಕೆ ನೂರಾರು ದೂರು ಬರುವ ಕಂಪನಿ ಎಲ್ಲವನ್ನೂ ಹೇಳುತ್ತಾ ಹೋದರೆ ಯಾರ ಮೇಲೆ ಬೇಕಾದರೂ ಕೆಸರು ಎರಚಬಹುದು. ಹೇಳಬೇಕಾದ್ದಕ್ಕೂ ಬೇಡವಾದ್ದಕ್ಕೂ ನಡುವಿನ ಗೆರೆ ಎಲ್ಲಿ ಎಂಬುದೇ ಜಗಳ. ಮೊದಲೇ ಏಕೆ ತಿಳಿಸಲಿಲ್ಲ ಎಂದು ಮುಂಬೈ ಷೇರು ವಿನಿಮಯ ಕೇಂದ್ರ ಬಿಎಸ್‌ಇ ಇನ್ಫೊಸಿಸ್ಸನ್ನು ಕೇಳಿದ್ದೂ ಈ ಗೆರೆಯ ಬಗ್ಗೆಯೇ.

ಲೈಂಗಿಕ ಕಿರುಕುಳದ ದೂರಾದರೆ ನಿಯಮ ಪೂರ್ತಿ ತಿರುಗಿ ನಿಲ್ಲುತ್ತದೆ. ಕೆಲಸದ ಜಾಗದಲ್ಲಿ ಇಂಥ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ದೂರುದಾರರು, ಆರೋಪಿ, ಸಾಕ್ಷಿಗಳ ಗುರುತನ್ನು, ವಿಚಾರಣೆಯ ವಿವರವನ್ನು ಬಹಿರಂಗ ಮಾಡುವುದನ್ನೇ ನಿಷೇಧಿಸಿದೆ. ದಂಡ 5 ಸಾವಿರ ರೂಪಾಯಿ.

ಒಳಗಿನ ನೌಕರರಿಗೆ ಹೋಗುವ ಪತ್ರವೂ ಹತ್ತು ನಿಮಿಷದಲ್ಲಿ ಹೊರಗಿರುತ್ತದೆ. ಆದ್ದರಿಂದ ಬಲ್ಲವರು ಅದನ್ನು ನಾಳೆ ಪತ್ರಿಕೆಯಲ್ಲಿ ಬಂದರೂ ಮುಜುಗರವಾಗದ ಹಾಗೆಯೇ ಬರೆಯುತ್ತಾರೆ, ಪತ್ರಿಕಾ ಹೇಳಿಕೆಯ ಜೊತೆಗೇ ಕಳಿಸುತ್ತಾರೆ. ತಮ್ಮ ಕಂಪನಿಯ ಸುದ್ದಿಯನ್ನು ಟೀವಿಯಲ್ಲಿ ನೋಡಿ ತಿಳಿಯುವುದು ನೌಕರರನ್ನು ಕೆರಳಿಸುವ ಸುಲಭದ ದಾರಿ.

ಬರೆದವರು ಯಾರು?

ಎರಡನೆಯ ಪ್ರಶ್ನೆ ತಾನಾಗಿ ಅಕ್ರಮವಲ್ಲ. ಗ್ರಾಹಕರ ದತ್ತಾಂಶ, ಪ್ರಕಟವಾಗದ ಹಣಕಾಸು ಫಲಿತಾಂಶ ಸೋರಿದರೆ ಕಂಪನಿ ಹುಡುಕಲೇಬೇಕು. ಫಲಿತಾಂಶದಂಥ ಬೆಲೆಸೂಕ್ಷ್ಮ ಮಾಹಿತಿ ಸೋರಿದಾಗ ವಿಚಾರಣೆ ನಡೆಸುವ ಲಿಖಿತ ನೀತಿ ಇರಬೇಕೆಂಬುದು ಸೆಬಿಯದೇ ನಿಯಮ. ಹುಡುಕುವ ಸಾಧನಗಳೂ ಸರಳ: ಕಡತ ತೆರೆದವರ ಪಟ್ಟಿ, ಪ್ರಿಂಟರ್‌ನ ದಾಖಲೆ, ಯುಎಸ್‌ಬಿ ಚುಚ್ಚಿದ ಸಮಯ. ಇನ್ನೊಂದು ಹಳೆಯ ಉಪಾಯ, ಒಂದೇ ಟಿಪ್ಪಣಿಯ ಹತ್ತು ಪ್ರತಿ ಮಾಡಿ ಪ್ರತಿಯೊಂದರಲ್ಲೂ ಒಂದು ಪದವನ್ನೋ ಎರಡು ಪದಗಳ ನಡುವಿನ ಜಾಗವನ್ನೋ ಬದಲಿಸಿ ಹಂಚುವುದು. ಹೊರಬಂದ ಪ್ರತಿ ಯಾರದೆಂದು ಅದೇ ಹೇಳುತ್ತದೆ.

ಅಕ್ರಮದ ದೂರು ಬರೆದವರ ಮೇಲೆ ಇದನ್ನೇ ತಿರುಗಿಸಿದಾಗ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ ಬಾರ್ಕ್ಲೇಸ್ ಬ್ಯಾಂಕು ಸಾಕ್ಷಿ. 2016ರಲ್ಲಿ ಹೊಸದಾಗಿ ಸೇರಿದ ಹಿರಿಯ ಅಧಿಕಾರಿಯೊಬ್ಬರ ಬಗ್ಗೆ ಮೂಗರ್ಜಿ ಬಂತು. ಸಿಇಒ ಜೆಸ್ ಸ್ಟೇಲಿ, ಬರೆದವರನ್ನು ಪತ್ತೆಹಚ್ಚುವಂತೆ ಭದ್ರತಾ ವಿಭಾಗಕ್ಕೆ ಹೇಳಿದರು. ಪತ್ತೆ ಆಗಲಿಲ್ಲ. ಆದರೂ 2018ರಲ್ಲಿ ಬ್ರಿಟನ್ನಿನ ನಿಯಂತ್ರಕರು ಅವರಿಗೆ ವೈಯಕ್ತಿಕವಾಗಿ 6,42,430 ಪೌಂಡ್ ದಂಡ ಹಾಕಿದರು. ಅದೇ ವರ್ಷ ನ್ಯೂಯಾರ್ಕಿನ ನಿಯಂತ್ರಕರು ಬ್ಯಾಂಕಿಗೆ 1.5 ಕೋಟಿ ಡಾಲರ್ ದಂಡ ವಿಧಿಸಿದರು.

ಅಮೆರಿಕದ ಕಂಪ್ಯೂಟರ್ ತಯಾರಕ ಎಚ್‌ಪಿ ಕಂಪನಿಯದು ಇನ್ನೂ ವಿಚಿತ್ರ. 2006ರಲ್ಲಿ ಮಂಡಳಿಯ ಮಾತು ಪತ್ರಕರ್ತರಿಗೆ ಸೋರಿತೆಂದು ಅಧ್ಯಕ್ಷೆ ಪೆಟ್ರೀಷಿಯಾ ಡನ್ ತನಿಖೆ ಶುರುಮಾಡಿಸಿದರು. ಬಾಡಿಗೆ ಪತ್ತೇದಾರರು ಫೋನ್ ಕಂಪನಿಗೆ ತಾವೇ ನಿರ್ದೇಶಕರು, ತಾವೇ ಪತ್ರಕರ್ತರು ಎಂದು ಸುಳ್ಳು ಹೇಳಿ ಅವರ ಕರೆಗಳ ಪಟ್ಟಿ ತರಿಸಿಕೊಂಡರು. ಸೋರಿಸಿದ ನಿರ್ದೇಶಕರು ಯಾರೆಂದು ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಡನ್ ಸ್ಥಾನ ಬಿಡಬೇಕಾಯಿತು, ಡಿಸೆಂಬರ್‌ನಲ್ಲಿ ಎಚ್‌ಪಿ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ 1.45 ಕೋಟಿ ಡಾಲರ್ ಕಟ್ಟಿ ರಾಜಿಯಾಯಿತು. ಮೂಲ ಸುದ್ದಿ ಏನಿತ್ತೆಂದು ಇವತ್ತು ಯಾರಿಗೂ ನೆನಪಿಲ್ಲ.

ಬರೆದವರನ್ನು ಹುಡುಕದಿದ್ದರೂ ಕಂಪನಿ ಸಿಕ್ಕಿಬೀಳಬಹುದು. ಆಂತರಿಕ ವಿಚಾರಣೆಗೆ ಬಂದ ನೌಕರರಿಂದ ‘ಕಾನೂನು ವಿಭಾಗದ ಅನುಮತಿ ಇಲ್ಲದೆ ಇದನ್ನು ಯಾರಿಗೂ ಹೇಳುವುದಿಲ್ಲ’ ಎಂದು ಸಹಿ ಮಾಡಿಸಿಕೊಂಡ ಅಮೆರಿಕದ ಕೆಬಿಆರ್ ಕಂಪನಿ 2015ರಲ್ಲಿ ಎಸ್‌ಇಸಿಗೆ 1.3 ಲಕ್ಷ ಡಾಲರ್ ದಂಡ ಕಟ್ಟಿತು. ಆ ಕಾಗದ ಯಾರನ್ನಾದರೂ ತಡೆದಿತ್ತೆಂಬ ಪುರಾವೆ ಇರಲಿಲ್ಲ, ತಡೆಯಬಹುದಿತ್ತು ಎಂಬುದೇ ಸಾಕಾಯಿತು.

ಅಕ್ರಮ ಇಲ್ಲ, ಒಪ್ಪಿಗೆಯೂ ಇಲ್ಲ

ಈಗ ಕಿಟಕಿಯಿಲ್ಲದ ಅಸಮ್ಮತಿಗೆ ಬರೋಣ. ಇಲ್ಲಿ ಯಾವ ಕಾನೂನೂ ಮುರಿದಿರುವುದಿಲ್ಲ, ಕಂಪನಿ ಹಿಡಿದ ದಾರಿ ನೌಕರರಿಗೆ ಒಪ್ಪಿಗೆಯಿರುವುದಿಲ್ಲ. 2018ರ ಏಪ್ರಿಲ್‌ನಲ್ಲಿ, ಅಮೆರಿಕದ ಸೇನೆಯ ಡ್ರೋನ್ ಚಿತ್ರಗಳನ್ನು ವಿಶ್ಲೇಷಿಸುವ ‘ಮೇವನ್’ ಯೋಜನೆ ಬೇಡವೆಂದು ಗೂಗಲ್‌ನ 3 ಸಾವಿರಕ್ಕೂ ಹೆಚ್ಚು ನೌಕರರು ಸಹಿ ಹಾಕಿದ ಪತ್ರ ಹೊರಬಂತು. ಜೂನ್‌ನಲ್ಲಿ ಕಂಪನಿ ಆ ಗುತ್ತಿಗೆಯನ್ನು ನವೀಕರಿಸುವುದಿಲ್ಲ ಎಂದಿತು. ನವೆಂಬರ್ 1ರಂದು, ಕಿರುಕುಳದ ಆರೋಪ ಹೊತ್ತ ಅಧಿಕಾರಿಗೆ ಭಾರಿ ಮೊತ್ತ ಕೊಟ್ಟು ಕಳಿಸಿದ್ದನ್ನು ವಿರೋಧಿಸಿ ಸುಮಾರು 20 ಸಾವಿರ ನೌಕರರು ಕಚೇರಿಯಿಂದ ಹೊರನಡೆದರು. ನೌಕರರ ತಕರಾರುಗಳನ್ನು ಕೋರ್ಟಿನ ಬದಲು ಕಡ್ಡಾಯವಾಗಿ ಖಾಸಗಿ ಮಧ್ಯಸ್ಥಗಾರರ ಮುಂದೆ ಒಯ್ಯಬೇಕೆಂಬ ಷರತ್ತನ್ನು ಕಂಪನಿ 2019ರ ಮಾರ್ಚ್‌ನಲ್ಲಿ ಕೈಬಿಟ್ಟಿತು.

ನಂತರ ಬಾಗಿಲು ಮುಚ್ಚತೊಡಗಿತು. ಯಾರು ಏನು ಬೇಕಾದರೂ ಕೇಳಬಹುದಾಗಿದ್ದ ವಾರದ ಸಭೆಯನ್ನು 2019ರ ನವೆಂಬರ್‌ನಲ್ಲಿ ತಿಂಗಳಿಗೊಮ್ಮೆ ಎಂದು ಇಳಿಸಿದರು, ವ್ಯವಹಾರದ ವಿಷಯಕ್ಕಷ್ಟೇ ಸೀಮಿತ ಮಾಡಿದರು. ಸಭೆಯ ಮಾತು ಸೋರುತ್ತಿದೆ ಎಂಬುದೂ ಕೊಟ್ಟ ಕಾರಣಗಳಲ್ಲಿ ಒಂದು. ಕ್ರಿಪ್ಟೊ ಕರೆನ್ಸಿ ವಹಿವಾಟಿನ ಕಂಪನಿ ಕಾಯಿನ್‌ಬೇಸ್ 2020ರಲ್ಲಿ ಹಿಡಿದದ್ದು ಬೇರೆ ದಾರಿ: ಕಚೇರಿಯಲ್ಲಿ ರಾಜಕೀಯ ಚರ್ಚೆ ಬೇಡ, ಒಪ್ಪದವರು ನಾಲ್ಕರಿಂದ ಆರು ತಿಂಗಳ ಸಂಬಳ ತೆಗೆದುಕೊಂಡು ಹೋಗಬಹುದು ಎಂದಿತು. ಶೇ 5ರಷ್ಟು ನೌಕರರು ಹೋದರು. ಲೆಕ್ಕ ಚುಕ್ತಾ ಆಯಿತೆಂದು ಕೆಲವರು ಮೆಚ್ಚಿದರು. ಆದರೆ ಮಾತಾಡುವವರನ್ನು ಕಳಿಸಿಬಿಟ್ಟರೆ ಮುಂದೆ ಟ್ಯಾಂಕರ್ ಬಿಲ್ಲಿನ ವಿಷಯವನ್ನು ಹೇಳುವವರೂ ಅವರ ಜೊತೆಗೇ ಹೋಗಿರುತ್ತಾರೆ.

ಸದ್ದಿಲ್ಲದ ಸೇಡು

ದೂರು ಕೊಟ್ಟವರನ್ನು ಮರುದಿನವೇ ವಜಾ ಮಾಡುವಷ್ಟು ದಡ್ಡರು ಕಡಿಮೆ. ಸೇಡು ಬೇರೆ ರೂಪದಲ್ಲಿ ಬರುತ್ತದೆ: ಪ್ರಾಜೆಕ್ಟ್‌ನಿಂದ ತೆಗೆದು ‘ಬೆಂಚಿಗೆ’ ಹಾಕುವುದು, ಅಂದರೆ ಕೆಲಸ ಕೊಡದೆ ಕೂರಿಸುವುದು, ಅಪ್ರೈಸಲ್‌ನಲ್ಲಿ ರೇಟಿಂಗ್ ಒಂದು ಮೆಟ್ಟಿಲು ಇಳಿಸುವುದು, ಬೇರೆ ಊರಿಗೆ ಹಾಕುವುದು, ಸಭೆಯ ಆಹ್ವಾನ ನಿಲ್ಲಿಸುವುದು. ಒಂದೊಂದಕ್ಕೂ ಕಾಗದದ ಮೇಲೆ ಬೇರೆ ಕಾರಣ ಇರುತ್ತದೆ. ಇದನ್ನು ತಡೆಯಲು ಇರುವ ಒಂದು ಕ್ರಮ, ದೂರುದಾರರ ರೇಟಿಂಗ್, ವರ್ಗಾವಣೆ, ಬಡ್ತಿಗಳನ್ನು ಮುಂದಿನ ಒಂದೆರಡು ವರ್ಷ ಆಡಿಟ್ ಸಮಿತಿಯೇ ಗಮನಿಸುವುದು. ಅನಾಮಧೇಯರಿಗೆ ಈ ರಕ್ಷಣೆ ಕೊಡಲು ಬರುವುದಿಲ್ಲ, ಯಾರೆಂದೇ ಗೊತ್ತಿರುವುದಿಲ್ಲವಲ್ಲ.

ದೂರಿನಲ್ಲಿ ಏನಿದ್ದರೆ ಅದು ಕಸದಬುಟ್ಟಿ ಸೇರುವುದಿಲ್ಲ? ದಿನಾಂಕ, ಬಿಲ್ ಸಂಖ್ಯೆ, ಪ್ರಾಜೆಕ್ಟ್ ಕೋಡ್, ಮೊತ್ತ, ಕಡತ ಎಲ್ಲಿದೆ, ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು. ‘ಇಲ್ಲಿ ಎಲ್ಲರೂ ಕಳ್ಳರು’ ಎಂಬ ಸಾಲಿನಿಂದ ತನಿಖೆ ಶುರುವಾಗುವುದಿಲ್ಲ. ಇಂಥ ತಾರೀಖಿನ ಇಂಥ ಇನ್‌ವಾಯ್ಸ್‌ನಿಂದ ಶುರುವಾಗುತ್ತದೆ. ಪುರಾವೆಯ ನೆಪದಲ್ಲಿ ಗ್ರಾಹಕರ ಕಡತಗಳನ್ನು ಸ್ವಂತ ಜೀಮೇಲ್‌ಗೆ ಕಳಿಸಿಕೊಂಡರೆ ದೂರು ಎಷ್ಟೇ ನಿಜವಿದ್ದರೂ ಕರಾರು ಮುರಿದ ಆರೋಪಕ್ಕೆ ಕಂಪನಿಯ ಕೈಗೆ ಕೋಲು ಕೊಟ್ಟ ಹಾಗೆ. ಕಡತ ಇರುವ ಜಾಗ ಬರೆದರೆ ಸಾಕು, ತೆಗೆಯುವುದು ತನಿಖೆಯವರ ಕೆಲಸ.

ಹೆಸರು ಹೇಳಲು ಇಷ್ಟವಿಲ್ಲದವರು ಮರೆಯುವುದು ಒಂದೇ ಒಂದು ವಿಷಯ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದ ವರ್ಡ್ ಕಡತದ ‘ಪ್ರಾಪರ್ಟೀಸ್’ ತೆರೆದರೆ, ಬರೆದವರ ಹೆಸರು ಅಲ್ಲೇ ಕೂತಿರುತ್ತದೆ.